ಶೆಟ್ಟರ ಅಟ್ಟದ ಬಿಳಿ ದುಪ್ಪಟಿ

“ಹತ್ತು ಸಾವಿರದಲ್ಲಿ ನಮ್ಮನೆ ಗೋಡೆಯಗಲ ಸಿನಿಮಾ ಕಾಣಬೇಕು. ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ!” ಎಂದು ಅಕ್ಕಿಗಿರಣಿಯ ನಂಜುಂಡಶೆಟ್ಟರು ಗುಮಾಸ್ತನ ಮೇಲೆ ಎಗರಾಡಿದರು.

ಅಷ್ಟೂ ದುಡ್ಡಿಗೆ ಅವನು ಹಳೆಯ ಪ್ರೊಜೆಕ್ಟರ್ ತಂದ. ಗೋಡೆಗೊಂದು ಬಿಳಿ ದುಪ್ಪಟಿ ಕಟ್ಟಿದ. ಸಿನಿಮಾ ಶುರುವಾಯಿತು. ನಾಯಕಿಯ ಮುಖಕ್ಕೆ ಅಡ್ಡವಾಗಿ ಮುದುಕನೊಬ್ಬ ಕೂತಂತೆ ಕಪ್ಪು ನೆರಳು!

“ಯಾರೋ ಅದು?” ಶೆಟ್ಟರು ಕೂತಲ್ಲಿಂದ ಎದ್ದೇಬಿಟ್ಟರು.

“ಪರದೆಗೆ ದುಡ್ಡು ಉಳೀಲಿಲ್ಲ ಬುದ್ಧಿ. ನಿಮ್ಮಪ್ಪಾಜಿ ತೀರಿಕೊಂಡಾಗ ಹೊದಿಸಿದ್ದ ದುಪ್ಪಟಿ, ಪದ್ಧತಿಯಂತೆ ಮಡಿವಾಳರಿಗೆ ದಾನ ಕೊಡದೆ ಅಟ್ಟದಲ್ಲಿ ಎತ್ತಿಟ್ಟಿದ್ರಲ್ಲ, ಅದನ್ನೇ ಕಟ್ಟಿದೆ.”

“ಪ್ರೊಜೆಕ್ಟರು, ದುಪ್ಪಟಿ ಎರಡನ್ನೂ ಹೊತ್ಕೊಂಡು ಹೋಗೋ ಮಾರಾಯ!” ಶೆಟ್ಟರು ದೇವರಕೋಣೆಗೆ ಓಡಿದರು.

ಗುಮಾಸ್ತ ನಗುತ್ತ ಮನೆಗೆ ಬಂದ. ಪ್ರೊಜೆಕ್ಟರಿನ ಗಾಜಿಗೆ ತಾನೇ ಬಳಿದಿದ್ದ ಕಾಡಿಗೆ ಒರೆಸಿದ. ಅದೇ ದುಪ್ಪಟಿ ಕಟ್ಟಿ, ಹೆಂಡತಿಯನ್ನು ಕೂರಿಸಿಕೊಂಡು ಸಿನಿಮಾ ಹಾಕಿದ.

ಮುದುಕ ಅಲ್ಲೇ ಕೂತಿದ್ದ.

ಗುಮಾಸ್ತ ಎದ್ದು ಕೈಮುಗಿದ. “ದೊಡ್ಡ ಯಜಮಾನ್ರೇ, ಸ್ವಲ್ಪ ಪಕ್ಕಕ್ಕೆ ಸರ್ಕೊಳ್ಳಿ. ಇವಳಿಗೆ ಕಾಣ್ತಿಲ್ಲ.”

ನೆರಳು ಸರಿದು ಕೂತಿತು.