ಪೈಲ್ವಾನರ ಚುಕ್ಕಿ

ಅಡುಗೆ ನರಹರಿ ಭಟ್ಟರ ಮನೆಗೆ ಹೋದವರು, ಗೋಡೆಗೇನಾದರೂ ಸಿಡುಬು ಎದ್ದಿದೆಯೇ ಎಂದು ಕೇಳುತ್ತಿದ್ದರು. ಅಷ್ಟೊಂದು ಇದ್ದಿಲ ಚುಕ್ಕಿಗಳು! ಭಟ್ಟರು ಒಂದು ಊಟ ಬಡಿಸಿ ಬಂದರೆ ಗೋಡೆಗೆ ಒಂದು ಚುಕ್ಕಿ. ಎಷ್ಟು ಎಲೆ ಬಿದ್ದವೋ ಅಷ್ಟು ಬಲಕ್ಕೆ, ಎಷ್ಟು ಸೇರು ಅಕ್ಕಿ ಹಿಡಿಯಿತೋ ಅಷ್ಟು ಮೇಲಕ್ಕೆ. ಕೆಳಗಿನ ಮೂಲೆಯ ಮೊಳೆಗೆ ದಾರ ಕಟ್ಟಿ, ಚುಕ್ಕಿಗಳ ನಟ್ಟನಡುವೆ ಹಾಯುವಂತೆ ಎಳೆದು ಬಿಗಿದಿದ್ದರು. ಅರ್ಧದಷ್ಟು ಚುಕ್ಕಿಗಳು ದಾರದ ಮೇಲೆ, ಅರ್ಧ ಕೆಳಗೆ. ನೂರು ಎಲೆ ಊಟ ಎಂದರೆ ಸಾಕು, ಭಟ್ಟರು ದಾರ ನೋಡಿ ಹತ್ತು ಸೇರು ಅಕ್ಕಿ ಎನ್ನುತ್ತಿದ್ದರು. ಒಂದು ತುತ್ತು ಹೆಚ್ಚು, ಒಂದು ತುತ್ತು ಕಮ್ಮಿ, ಅಷ್ಟೇ. ದಾರ ಎಂದೂ ಕೈಕೊಟ್ಟಿರಲಿಲ್ಲ.

ಕೈಕೊಟ್ಟದ್ದು ಗರಡಿಮನೆಯ ಪೂಜೆಯ ದಿನ. ಐವತ್ತು ಎಲೆ ಎಂದಿದ್ದರು, ಭಟ್ಟರು ಐದು ಸೇರು ಬೇಯಿಸಿದರು. ಕೂತವರೆಲ್ಲ ಪೈಲ್ವಾನರು! ಸಾರು ಬರುವಷ್ಟರಲ್ಲಿ ಅನ್ನ ಖಾಲಿ. ಮತ್ತೆ ಎರಡು ಸಲ ಒಲೆಗೆ ಏರಿಸಿ, ಒಟ್ಟು ಹದಿನೈದು ಸೇರು ಬೆಂದ ಮೇಲೆ ಅವರು ಕೈ ತೊಳೆದರು. ಅಷ್ಟು ಹೊತ್ತೂ ಖಾಲಿ ಎಲೆಯ ಮುಂದೆ ಮೀಸೆ ತಿರುವುತ್ತಾ ಕೂತಿದ್ದರು. ಪಂಕ್ತಿಯಲ್ಲಿ ಅನ್ನ ಇಲ್ಲ ಎನ್ನುವುದಕ್ಕಿಂತ ದೊಡ್ಡ ಅವಮಾನ ಅಡುಗೆಯವನಿಗೆ ಇನ್ನೊಂದಿಲ್ಲ. ಭಟ್ಟರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತ್ತು.

ಆ ಊಟದ ಚುಕ್ಕಿ ಎಲ್ಲವನ್ನೂ ಬಿಟ್ಟು ಮೇಲೆ ಒಂಟಿಯಾಗಿ ಕೂತಿತು. ಅಂದಿನಿಂದ ಭಟ್ಟರ ಕಣ್ಣಿಗೆ ಅದೊಂದೇ ಕಾಣತೊಡಗಿತು. ದಾರದ ಮೇಲಿನ ತುದಿ ಬಿಚ್ಚಿ, ಆ ಚುಕ್ಕಿಯ ಮೇಲೇ ಹಾಯುವಂತೆ ಎಳೆದು ಕಟ್ಟಿದರು. ಹೆಂಡತಿ ಪದ್ದಮ್ಮ ನೋಡುತ್ತಾ ನಿಂತಿದ್ದರು.

"ಅಲ್ಲ ರೀ, ಉಳಿದ ನಲವತ್ತು ಚುಕ್ಕಿ ನಿಮಗೇನು ಅನ್ಯಾಯ ಮಾಡಿದ್ದವು?" ಎಂದರು.

ಪಂಕ್ತಿಯಲ್ಲಿ ನಿಂತವನ ಸಂಕಟ ನಿನಗೇನು ಗೊತ್ತು ಎಂದು ಭಟ್ಟರು ರೇಗಿದರು.

ಹದಿನೈದು ದಿನಕ್ಕೆ ಛತ್ರದ ಯಜಮಾನರಾದ ಸೀತಾಪತಿ ರಾಯರ ಅರವತ್ತರ ಶಾಂತಿ ಬಂತು. ಊಟ ಸರಿಯಾಗಿ ಆದರೆ ಇನ್ನು ಛತ್ರದ ಮದುವೆಗಳೆಲ್ಲ ನಿಮ್ಮವೇ ಎಂದು ರಾಯರು ಮಾತು ಕೊಟ್ಟಿದ್ದರು. ನೂರೈವತ್ತು ಎಲೆ. ಹೊಸ ದಾರ ನಲವತ್ತೈದು ಸೇರು ಎಂದಿತು, ಭಟ್ಟರು ಅಷ್ಟನ್ನೂ ಬೇಯಿಸಿದರು. ಬಂದವರು ರಾಯರ ಓರಗೆಯವರು. ಅರ್ಧ ಜನಕ್ಕೆ ಹಲ್ಲಿಲ್ಲ, ಇನ್ನರ್ಧಕ್ಕೆ ಸಕ್ಕರೆ ಕಾಯಿಲೆ. ಸೌಟು ಕಂಡರೆ ಸಾಕು, ಎರಡೂ ಕೈ ಎಲೆಗೆ ಅಡ್ಡ ಬರುತ್ತಿದ್ದವು. ಹನ್ನೆರಡು ಸೇರಿಗೇ ಪಂಕ್ತಿ ಎದ್ದಿತು.

ರಾಯರು ಕೊಪ್ಪರಿಗೆಗಳಲ್ಲಿ ಉಳಿದ ಅನ್ನದ ಗುಡ್ಡ ನೋಡಿದರು.

"ಭಟ್ಟರೇ, ನನಗಾದದ್ದು ಅರವತ್ತು. ನೀವು ನೂರಿಪ್ಪತ್ತರ ಶಾಂತಿಗೂ ಈಗಲೇ ಬೇಯಿಸಿಬಿಟ್ಟಿರಲ್ಲ," ಎಂದರು.

ಛತ್ರದ ಕೆಲಸ ಬೇರೆಯವರ ಪಾಲಾಯಿತು. ಭಟ್ಟರು ಉಳಿದ ಅನ್ನಕ್ಕೆಲ್ಲ ಒಗ್ಗರಣೆ ಹಾಕಿ, ಮನೆ ಮನೆಗೆ ಚಿತ್ರಾನ್ನ ಹಂಚಿದರು. ಮೂರನೇ ಸುತ್ತಿಗೆ ಅವರನ್ನು ಕಂಡ ಕೂಡಲೇ ಕೇರಿಯ ಬಾಗಿಲುಗಳು ಮುಚ್ಚತೊಡಗಿದವು.

ಮನೆಗೆ ಬಂದವರೇ ಒದ್ದೆ ಬಟ್ಟೆ ಹಿಡಿದು, ಈ ಪೈಲ್ವಾನರ ದರಿದ್ರ ಚುಕ್ಕಿಯನ್ನೇ ಒರೆಸಿಹಾಕುತ್ತೇನೆ ಎಂದು ಹೊರಟರು. ಪದ್ದಮ್ಮ ಕೈ ಹಿಡಿದರು.

"ಅಳಿಸಬೇಡಿ. ಅದೂ ಒಂದು ಊಟವೇ. ಆದರೆ ಒಂದೇ ಊಟ."

ಭಟ್ಟರು ಬಟ್ಟೆ ಕೆಳಗಿಟ್ಟು, ದಾರ ಬಿಚ್ಚಿ, ಆ ಚುಕ್ಕಿಯನ್ನೂ ಸೇರಿಸಿ ಎಲ್ಲ ಚುಕ್ಕಿಗಳನ್ನು ಮೊದಲಿನಿಂದ ಎಣಿಸತೊಡಗಿದರು.

ನೀತಿ: ನಾಳೆಯನ್ನು ಅಂದಾಜು ಮಾಡುವಾಗ ಕಳೆದ ದಿನಗಳನ್ನೆಲ್ಲ ಕೇಳಬೇಕು. ಹೆಚ್ಚು ನೋಯಿಸಿದ ಒಂದು ದಿನವನ್ನು ಮರೆಯುವುದೂ ತಪ್ಪು, ಅದೊಂದನ್ನೇ ನಂಬುವುದೂ ತಪ್ಪು.