ತೂಬಿನ ಹಲಗೆ ಎತ್ತಿದವರು

ಸುಳ್ಳು ಅನ್ನುವವರು ಈಗಲೇ ಎದ್ದು ನಿಂತು ಅನ್ನಿ, ಆಮೇಲೆ ಹಿಂದೆ ಕೂತು ಗೊಣಗಬೇಡಿ. ನನ್ನಷ್ಟು ಭಾರ ಹೊರುವವನು ಈ ಕರಾವಳಿಯಲ್ಲಿಲ್ಲ. ಬಿಳಿ ದೊರೆಯ ಮೂರು ಒಗಟು ಬಿಡಿಸಿದ ಸಿದ್ದಿ ಇನಾಸ ನಾನೇ.

ಅವತ್ತು ಬಂದರಿನಲ್ಲಿ ಡಂಗುರ ಹೊಡೆದರು.

"ಕೇಳಿರಿ! ನ್ಯಾಯಾಧೀಶ ದೊರೆಗಳ ಅಪ್ಪಣೆ! ಗುಲಾಮ ಹೆಂಗಸು ಕಾತ್ರಿಗೆ ನೇಣು ವಿಧಿಸಲಾಗಿದೆ. ದೊರೆಗಳ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಕೊಡಲಾಗುವುದು. ತಪ್ಪಿದವನು ಬಿಳಿಯನಾದರೆ ನಕ್ಕು ಕಳಿಸುವುದು, ಈ ನಾಡಿನವನಾದರೆ ಹನ್ನೆರಡು ಚಾಟಿ, ಕರಿಯ ಗುಲಾಮನಾದರೆ ನೇಣು!"

ಕಾತ್ರಿ ನನ್ನ ಅಕ್ಕ. ನಾವು ನಲವತ್ತು ಜನ ನ್ಯಾಯಾಧೀಶನ ಭಾವನ ಉಪ್ಪಿನಗದ್ದೆಯ ಗುಲಾಮರು, ಹಡಗಿನಲ್ಲಿ ಸರಪಳಿ ಹಾಕಿ ತಂದ ಅಜ್ಜಂದಿರ ಮೊಮ್ಮಕ್ಕಳು. ನಮ್ಮ ಮುದುಕ ಬಸ್ತ್ಯಾಂವನನ್ನು ಬಿಳಿ ಮೇಸ್ತ್ರಿ ಹೊಡೆದು ಕೊಂದ. ಮಾರನೆಯ ದಿನ ಕಡಲು ಉಕ್ಕುವ ಭರತದ ಹೊತ್ತಿಗೆ, ನೀರು ತಡೆಯುವ ತೂಬಿನ ಹಲಗೆ ಮೇಲೆದ್ದಿತ್ತು. ಸಮುದ್ರ ಒಳನುಗ್ಗಿ ವರ್ಷದ ಉಪ್ಪನ್ನೆಲ್ಲ ಕರಗಿಸಿತು. ಎತ್ತಿದವರು ಯಾರೆಂದು ಒಬ್ಬರೂ ಬಾಯಿ ಬಿಡಲಿಲ್ಲ. ಯಾರನ್ನಾದರೂ ಗಲ್ಲಿಗೆ ಹಾಕಬೇಕಿತ್ತು. ಬೆರಳು ಚಾಚಿದರು, ಬೆರಳಿನ ಎದುರು ಕಾತ್ರಿ ನಿಂತಿದ್ದಳು. ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ.

ಕೋರ್ಟಿಗೆ ಮೊದಲು ಬಂದವನು ಹಡಗಿನ ಕಪ್ತಾನ.

"ದಿನವಿಡೀ ಉಪ್ಪುನೀರಿನಲ್ಲಿ ನಿಲ್ಲುತ್ತದೆ, ಬೆಂಕಿಗೆ ಹಾಕಿದರೆ ಸುಡುವುದಿಲ್ಲ. ಯಾವುದು?" ಎಂದ ನ್ಯಾಯಾಧೀಶ.

"ಲಂಗರು!"

ಅಲ್ಲ. ಎಲ್ಲರೂ ನಕ್ಕರು, ಕಪ್ತಾನನೂ ನಕ್ಕ. ಆಮೇಲೆ ದುಬಾಷಿ ಪುರ್ಸು ಬಂದ. ಅವನ ಮನೆಗೆ ಬಿಟ್ಟಿ ಅಡುಗೆಯವಳು ಬೇಕಿತ್ತು.

"ಬಂಡೆಗಲ್ಲು, ಒಡೆಯಾ."

"ಬಂಡೆ ಸಂಜೆ ಮನೆಗೆ ಹೋಗುವುದಿಲ್ಲ. ಇದು ಹೋಗುತ್ತದೆ."

ಹನ್ನೆರಡು ಚಾಟಿ ತಿಂದು ಹೊರಬಂದ ಪುರ್ಸು ನನ್ನ ತೋಳು ಹಿಡಿದ. "ಹೋಗಬೇಡವೋ ಇನಾಸ, ನಿನಗೆ ಚಾಟಿಯಲ್ಲ, ನೇಣು."

"ಅದಕ್ಕೇ ಹೋಗ್ತಿದ್ದೀನಿ. ಚಾಟಿ ತಿಂದು ತಿಂದು ಬೇಜಾರಾಗಿದೆ."

ಕಟಕಟೆಯಲ್ಲಿದ್ದ ಕಾತ್ರಿ ನನ್ನನ್ನು ನೋಡಿದಳು. "ಬಂದ್ಯಾ, ಮಹಾ ಪಂಡಿತ? ಮನೆಗೆ ಒಂದು ಹಗ್ಗ ಸಾಲದಾಯ್ತಾ?"

ನಾನು ನ್ಯಾಯಾಧೀಶನ ಕಡೆ ತಿರುಗಿದೆ. "ಮೊದಲನೆಯದು ನಮ್ಮ ಪಾದ, ದೊರೆ. ಚಿಕ್ಕಂದಿನಿಂದ ಉಪ್ಪು ಕುಡಿದು ಕಲ್ಲಾಗಿರುತ್ತವೆ. ನಿಮ್ಮ ಭಾವ ನಮ್ಮ ಹೆಣಗಳನ್ನು ಸುಡಿಸುತ್ತಾರೆ. ಮೈಯೆಲ್ಲ ಬೂದಿಯಾದರೂ ಪಾದ ಉಳಿಯುತ್ತದೆ. ಅವನ್ನು ಬೇರೆ ಹೂಳುತ್ತೇವೆ. ಅಪ್ಪನವನ್ನು ನಾನೇ ಹೂತೆ. ಬಸ್ತ್ಯಾಂವನವನ್ನೂ."

"ಸರಿ. ಎರಡನೆಯದು ಕೇಳು. ಕಣ್ಣಿದೆ, ಎಲ್ಲ ನೋಡಿದೆ. ಬಾಯಿದೆ, ಕಿರುಚಿ ಹೇಳುತ್ತದೆ. ಆದರೆ ನನ್ನ ಕೋರ್ಟಿನಲ್ಲಿ ಯಾರಿಗೂ ಕೇಳಿಸುವುದಿಲ್ಲ."

"ಕರಿಯನ ಸಾಕ್ಷಿ. ಬಸ್ತ್ಯಾಂವ ಸಾಯುವುದನ್ನು ನಲವತ್ತು ಜನ ನೋಡಿದೆವು. ಸಾಕ್ಷಿಯೇ ಇಲ್ಲ ಎಂದು ನೀವು ಮೇಸ್ತ್ರಿಯನ್ನು ಬಿಟ್ಟಿರಿ."

ದೊರೆ ಖುಷಿಯಾಗಿ ಗುಮಾಸ್ತನಿಗೆ ಹೇಳಿದ: "ಬರೆದುಕೋ. ಕರಿಯನ ಮಾತು ಇಲ್ಲಿ ಮಾತೇ ಅಲ್ಲ ಎಂದು ಕರಿಯನೇ ತಿಳಿದಿದ್ದಾನೆ."

ಗುಮಾಸ್ತ ಬರೆದುಕೊಂಡ.

"ಮೂರನೆಯದು. ಒಂದು ಹಲಗೆ, ಆನೆಯ ತೂಕ. ತಾನಾಗಿ ಏಳದು, ಆದರೂ ಎದ್ದಿತು. ಎತ್ತಿದ ಕೈಗಳೆಷ್ಟು? ಯಾರವು?"

ಆಗ ಗೊತ್ತಾಯಿತು ಆಟ. ತಪ್ಪು ಹೇಳಿದರೆ ನಾನೂ ಅಕ್ಕನೂ ನೇಣಿಗೆ. ಸರಿ ಹೇಳಿದರೆ ನಲವತ್ತೂ ಜನ. ಕಾತ್ರಿ ತಲೆಯಾಡಿಸಿದಳು, ಬೇಡ ಎಂದು.

"ಎಂಬತ್ತು ಕೈ, ದೊರೆ," ಎಂದೆ. "ನಲವತ್ತು ಜನರವೂ. ಮೊದಲು ಕೈ ಹಾಕಿದವನು ನಾನು. ಹೆಚ್ಚು ಭಾರ ಎತ್ತಿದವನೂ ನಾನೇ."

"ಸರಿಯಾದ ಉತ್ತರ!" ದೊರೆ ಕುರ್ಚಿಯಿಂದ ಎದ್ದ. ಇಡೀ ಬಂದರಿಗೇ ಕೇಳಿಸಿತು. "ತಪ್ಪು ಒಪ್ಪಿಕೊಂಡ! ಬರೆದುಕೋ, ಎಲ್ಲರಿಗೂ ನೇಣು!"

"ಅವರೇನು ಬರೀತಾರೆ ದೊರೆ? ನನ್ನದು ಮಾತೇ ಅಲ್ಲ ಅಂತ ಮೇಲಿನ ಸಾಲಿನಲ್ಲೇ ಬರೆದಿದ್ದಾರಲ್ಲ."

ನನ್ನ ಒಪ್ಪಿಗೆಯನ್ನು ಬರೆಯುತ್ತಿದ್ದ ಗುಮಾಸ್ತನ ಲೇಖನಿ ನಿಂತಿತು.

"ಮಾತು ಹೌದು ಅನ್ನುವುದಾದರೆ ಬರೀಲಿ," ಎಂದೆ. "ಹಾಗೇ ಮೇಸ್ತ್ರಿಯನ್ನೂ ಕರೆಸಿ. ಬಸ್ತ್ಯಾಂವನನ್ನು ಹೇಗೆ ಕೊಂದ ಅಂತ ನಲವತ್ತು ಜನ ಹೇಳ್ತೇವೆ. ಹೊಡೆ ಅಂದವರು ಯಾರು ಅಂತಾನೂ ಹೇಳ್ತೇವೆ."

ಮುಂದಿನ ಸಾಲಿನಲ್ಲಿದ್ದ ದೊರೆಯ ಭಾವ ಟೋಪಿ ತೆಗೆದು ಬೆವರು ಒರೆಸಿಕೊಂಡ. ನ್ಯಾಯಾಧೀಶ ಅವನನ್ನು ನೋಡಿದ, ಪುಸ್ತಕವನ್ನು ನೋಡಿದ.

"ಹೊಡೆದು ಹಾಕು ಆ ಸಾಲನ್ನು," ಎಂದ ಕಡೆಗೆ.

ಯಾವ ಸಾಲು ಎಂದು ಗುಮಾಸ್ತ ಕೇಳಿದ. ಕೊನೆಯದು, ನಾನು ಒಪ್ಪಿಕೊಂಡದ್ದು, ಎಂದ ದೊರೆ.

ನಲವತ್ತು ಜನರಲ್ಲಿ ಒಬ್ಬರಿಗೂ ನೇಣಾಗಲಿಲ್ಲ. ಮೇಸ್ತ್ರಿಗೂ ಏನೂ ಆಗಲಿಲ್ಲ. ಮೂವತ್ತೆಂಟು ಜನ ಗದ್ದೆಗೆ ವಾಪಸಾದರು. ಸರಿಯಾದ ಉತ್ತರ ಎಂದದ್ದು ಬಂದರಿಗೆಲ್ಲ ಕೇಳಿಸಿದ್ದರಿಂದ ಕಾತ್ರಿಯನ್ನು ನನಗೆ ಕೊಡಲೇಬೇಕಾಯಿತು. ಗುಲಾಮನ ಹೆಸರಿಗೆ ಸ್ವತ್ತು ಬರೆಯಲು ಬರುವುದಿಲ್ಲವೆಂದು ನನ್ನನ್ನು ಬಿಡುಗಡೆ ಮಾಡಿದರು. ಆಮೇಲೆ ಮೊಹರು ಒತ್ತಿ ಒಂದು ಕಾಗದ ಕೊಟ್ಟರು. ಕಾತ್ರಿ ನನ್ನ ಸ್ವತ್ತು ಎಂದು ಅದರಲ್ಲಿ ಬರೆದಿತ್ತು.