ಚಿಪ್ಪಿನ ಮೇಲಿನ ಕುದುರೆ

ಚೀನಾದ ಒಂದು ಮದ್ದಿನಂಗಡಿಯಲ್ಲಿ, ಮೈತುಂಬ ಗೀರಿದ್ದ ಹಳೆಯ ಆಮೆಚಿಪ್ಪೊಂದು ಮದ್ದು ಅರೆಯುವ ಕಲ್ಬತ್ತಿನ ಮುಂದೆ ನಿಂತಿತ್ತು. ಅಂಥದ್ದನ್ನು ಅರೆದು ಜ್ವರಕ್ಕೆ ಕುಡಿಸುವುದು ಅಲ್ಲಿನ ರೂಢಿ. ಆದರೆ ಅಕ್ಷರವಿದ್ದುದನ್ನು ಅರೆಯುವಂತಿಲ್ಲ. ಕುದುರೆಯಂಥ ಮಾತಿಗೆ ಅಲ್ಲಿ ಇಡಿಯಾಗಿ ಒಂದೇ ಅಕ್ಷರ, ಅದು ಹುಟ್ಟಿದ್ದು ಚಿತ್ರದಿಂದ.

"ನನ್ನ ಮೇಲಿರುವುದು ಅಕ್ಷರವಪ್ಪ," ಎಂದಿತು ಚಿಪ್ಪು. "ಜೂಲು, ಬಾಲ, ಕಾಲು ಎಲ್ಲ ಇರುವ ಕುದುರೆ. ಬಾಗಿಲ ಮೇಲಿನ ಬೋರ್ಡಿನಲ್ಲಿರುವ ಕುದುರೆಯಕ್ಷರ ಇದರ ಮೊಮ್ಮಗ. ಬೇಕಾದರೆ ಕೇಳು."

"ಹೌದೇ ಸ್ವಾಮಿ, ಇವರು ನಿಮ್ಮ ಕಡೆಯವರೇ?" ಎಂದು ಕಲ್ಬತ್ತು ಬೋರ್ಡನ್ನು ವಿಚಾರಿಸಿತು.

ಗಿರಾಕಿಗಳು ಕೇಳಿಸಿಕೊಳ್ಳುತ್ತಿದ್ದರು. ಬೋರ್ಡು ತನ್ನ ಬಂಗಾರದ ಅಕ್ಷರಗಳನ್ನೊಮ್ಮೆ ನೋಡಿಕೊಂಡಿತು.

"ನಮ್ಮದು ಓದಿದವರ ಮನೆತನ. ಈ ಕೋಳಿಕಾಲಿನ ಗೀಚು ಯಾರದೋ, ನನಗೆ ಗೊತ್ತಿಲ್ಲ."

"ಆಗಲಿ ಮಗು," ಎಂದು ಚಿಪ್ಪು ಕಲ್ಬತ್ತಿಗೆ ಇಳಿಯಿತು.

ಎಷ್ಟೋ ವರ್ಷಗಳ ಮೇಲೆ, ದೇಶದಲ್ಲಿ ಅಕ್ಷರಗಳ ಗೆರೆ ಕಡಿಮೆ ಮಾಡಿ ಸರಳಗೊಳಿಸಿದಾಗ, ಅಂಗಡಿಗೆ ಹೊಸ ಬೋರ್ಡು ಬಂತು. ಅದರ ಕುದುರೆಗೆ ಇದ್ದದ್ದು ಮೂರೇ ಗೆರೆ.

"ಕೆಳಗಿಳಿಯಿರಿ ತಾತ," ಎಂದಿತು ಅದು. "ಒಂದು ಕುದುರೆಗೆ ಹತ್ತು ಗೆರೆಯೇ? ಅಡಿಯಲ್ಲಿ ಆ ನಾಲ್ಕು ಚುಕ್ಕಿ ಬೇರೆ, ಯಾತಕ್ಕೆ?"

"ಅವು ಕುದುರೆಯ ಕಾಲುಗಳು. ನಮ್ಮ ಹಿರಿಯರಿಂದ ಬಂದವು."

"ಯಾವ ಹಿರಿಯರು? ತೋರಿಸಿ, ಇಲ್ಲೇ ಇರಿ."

ಹಳೆಯ ಬೋರ್ಡು ಕಲ್ಬತ್ತಿನ ಕಡೆ ನೋಡಿತು.

"ನೀವು ಗೊತ್ತಿಲ್ಲ ಎಂದಿರಿ, ನಾನು ಅರೆದೆ," ಎಂದಿತು ಕಲ್ಬತ್ತು. "ಯಾರದೋ ಜ್ವರ ಬಿಟ್ಟಿತು, ಸ್ವಾಮಿ."